ದೀಪದವನ ಮಗಳಿಗೆ ಸಂತಾಪ ಸಭೆ

ಬೀಗ ಬಿಚ್ಚುವವರಲ್ಲಿ ಕೆಲವರು ಕಣ್ಣಿನಿಂದ ಬಿಚ್ಚುತ್ತಾರೆ, ಹೆಚ್ಚಿನವರು ಸುತ್ತಿಗೆಯಿಂದ ಬಿಚ್ಚುತ್ತಾರೆ. ಕೀಲಿಯಣ್ಣ ಕಿವಿಯಿಂದ ಬಿಚ್ಚುವವನು. ಯಾರಾದರೂ ಕರೆದರೆ ಹೋಗಿ, ಬಾಗಿಲಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ನಿಂತುಬಿಡುತ್ತಿದ್ದ. ಬಗ್ಗಿಸಿದ ತಂತಿಯನ್ನು ಬೀಗದ ಹೊಟ್ಟೆಗೆ ಬಿಟ್ಟು, ಒಳಗಿನ ಲಿವರುಗಳು ಒಂದೊಂದಾಗಿ ಏಳುವ ಸಣ್ಣ ಸದ್ದಿಗೆ ಕಾಯುತ್ತಿದ್ದ. ದಾರಿಯಲ್ಲಿ ಹೋಗುವವರಿಗೆ ಇವನು ಬಾಗಿಲನ್ನು ತಬ್ಬಿಕೊಂಡು ನಿದ್ದೆ ಹೋಗಿದ್ದಾನೆ ಅನ್ನಿಸುತ್ತಿತ್ತು. ಒಮ್ಮೊಮ್ಮೆ ಅದು ನಿಜವೂ ಆಗಿರುತ್ತಿತ್ತು.

ಅವನಿಗೆ ಕೆಲಸ ಕಲಿಸಿದ ಅಪ್ಪ ಒಂದು ಕಟ್ಟಪ್ಪಣೆಯನ್ನೂ ಮಾಡಿದ್ದ. ಬಾಗಿಲಿನಾಚೆ ಏನೇ ಕಿವಿಗೆ ಬಿದ್ದರೂ ಮನೆಯವರನ್ನು ಒಂದು ಪ್ರಶ್ನೆಯನ್ನೂ ಕೇಳಕೂಡದು. ಒಳಗೆ ಗಂಡಹೆಂಡಿರು ಪಾತ್ರೆ ಎಸೆದಾಡುತ್ತಿದ್ದರೂ ಬೀಗ ಬಿಚ್ಚಿಕೊಟ್ಟು, "ಆಗಾಗ ಎಣ್ಣೆ ಬಿಡ್ತಾ ಇರಿ" ಎಂದಷ್ಟೇ ಹೇಳಿ ಎದ್ದು ಬರಬೇಕು. ಒಳ್ಳೆಯ ನಿಯಮ. ಆದರೆ ಕೇಳಲೇಬೇಕಾದ ಪ್ರಶ್ನೆಯನ್ನೂ ಕೇಳದೆ ಬರುವ ಮನುಷ್ಯನಿಂದ ಊರಿಗೆ ಏನೇನಾಗಬಹುದು ಎಂದು ಆ ಅಪ್ಪ ಯೋಚಿಸಿರಲಿಲ್ಲ.

ಕೀಲಿಯಣ್ಣನಿಗೆ ಇನ್ನೊಂದು ಹೆಗ್ಗಳಿಕೆಯಿತ್ತು. ಬೀದಿಯ ಅಂಗಡಿಯವರ ಸಂಘದಲ್ಲಿ ಯಾರ ಮನೆಯಲ್ಲಿ ಸಾವಾದರೂ ಸಂತಾಪದ ಭಾಷಣ ಅವನದೇ. ಭಾಷಣ ಯಾವಾಗಲೂ ಒಂದೇ, ಸತ್ತವರ ಹೆಸರು ಮಾತ್ರ ಬದಲಾಗಬೇಕು. ಒಂದು ಸಲ ಅದೂ ಬದಲಾಗದೆ, ಹಿಂದಿನ ಸಲ ಸತ್ತವರೇ ಮತ್ತೊಮ್ಮೆ ಅಗಲಿದ್ದರು. ಆದರೂ ಜನ ಅತ್ತಿದ್ದರು. ಅಷ್ಟರ ಮಟ್ಟಿಗೆ ಭಾಷಣ ಚೆನ್ನಾಗಿತ್ತು.

ಇಂಥವನ ಒಡಹುಟ್ಟಿದ ತಂಗಿ ಊರಿನ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ಅಣ್ಣತಂಗಿಗೆ ಮಾತು ಬಿಟ್ಟಿತ್ತು. ಹಿಂದೊಮ್ಮೆ ಅವಳು ಕರೆಸಿದ್ದ ಕವಿಯೊಬ್ಬರು ಬೆಳದಿಂಗಳ ಬಗ್ಗೆ ಓದುತ್ತಿದ್ದಾಗ ಕೀಲಿಯಣ್ಣ ಮುಂದಿನ ಸಾಲಿನಲ್ಲಿ ಗೊರಕೆ ಹೊಡೆದಿದ್ದ. ಕವಿ ಅರ್ಧಕ್ಕೆ ಎದ್ದು ಹೋಗಿದ್ದರು. "ಇನ್ನು ನನ್ನ ಹಾಲ್‌ಗೆ ಕಾಲಿಡಬೇಡ" ಎಂದು ತಂಗಿ ಹೇಳಿದ್ದಳು. ಆ ಹಾಲ್‌ಗೇ ಈಗ ಕುತ್ತು ಬಂದಿತ್ತು. ಓದುವವರು ಬರುವುದಿಲ್ಲ, ಕೂತಿರುವುದು ಧೂಳು ಮಾತ್ರ, ಅದನ್ನು ಖಾಲಿ ಮಾಡಿದರೆ ನೀರಿನ ಪೈಪು ಇಡಬಹುದು ಎಂದು ಪುರಸಭೆಯ ಸಾಹೇಬರು ಲೆಕ್ಕ ಹಾಕಿದ್ದರು. ಹಾಲ್ ಹೋದರೆ ಅವಳ ಕೆಲಸವೂ ಹೋದಂತೆ. ಕೊನೆಯದಾಗಿ ಒಂದು ಕಾರ್ಯಕ್ರಮ ಮಾಡುತ್ತೇನೆ, ಬಂದು ನೋಡಿ ಆಮೇಲೆ ತೀರ್ಮಾನ ಮಾಡಿ ಎಂದು ಅವಳು ಕಾಡಿ ಬೇಡಿ ಒಪ್ಪಿಸಿದ್ದಳು. ದೂರದಿಂದ ಒಬ್ಬ ಲೇಖಕಿಯನ್ನು ಕರೆಸಿ ಲಾಡ್ಜಿನಲ್ಲಿ ಉಳಿಸಿದ್ದಳು. ಇದೊಂದನ್ನೂ ಅಣ್ಣನಿಗೆ ಹೇಳಿರಲಿಲ್ಲ.

ಆ ಲಾಡ್ಜಿನ ಮ್ಯಾನೇಜರೇ ಗುರುವಾರ ಮಧ್ಯಾಹ್ನ ಓಡಿಬಂದ.

"ಬೇಗ ಬಾ ಕೀಲಿಯಣ್ಣ. ಮೇಲಿನ ರೂಮಲ್ಲಿ ಒಬ್ಬರು ಮೇಡಂ ಸಿಕ್ಕಾಕೊಂಡಿದ್ದಾರೆ. ಬೀಗ ತಿರುಗ್ತಾನೇ ಇಲ್ಲ."

"ಕೂಗಾಡ್ತಿದ್ದಾರಾ?"

"ಇಲ್ಲ, ಅದೇ ನನಗೆ ಭಯ. 'ನಿಧಾನಕ್ಕೆ ಬಿಚ್ಚಿಸಿ, ನನಗೇನೂ ಅವಸರ ಇಲ್ಲ' ಅಂತಿದ್ದಾರೆ."

ಅವಸರ ಯಾಕಿದ್ದೀತು? ಆ ಲೇಖಕಿ ಶನಿವಾರದ ಕಾರ್ಯಕ್ರಮದಲ್ಲಿ ಓದಬೇಕಾದ ಪುಟಗಳನ್ನು ಹಿಡಿದುಕೊಂಡು, ಬಾಗಿಲು ಬಿಚ್ಚುವವರೆಗೆ ಅಭ್ಯಾಸವಾದರೂ ಆಗಲಿ ಎಂದು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಅವರೇ ಬರೆದ ಕಾದಂಬರಿಯ ಕಾಲ ಇನ್ನೂರು ವರ್ಷಗಳ ಹಿಂದಿನದು. ಹಳೆಯ ಪಟ್ಟಣವೊಂದರಲ್ಲಿ ಸಂಜೆ ಸಂಜೆ ಬೀದಿದೀಪ ಹಚ್ಚುವವನ ಮನೆಯ ಕಥೆ. ಅವನ ಮಗಳು ಜ್ವರದಲ್ಲಿ ತೀರಿಹೋಗುತ್ತಾಳೆ. ಲೇಖಕಿ ಓದುತ್ತಿದ್ದದ್ದು ಆ ಮಗಳ ತಾಯಿಯ ಮಾತು.

ಕೀಲಿಯಣ್ಣ ಬಾಗಿಲಿಗೆ ಕಿವಿ ಹಚ್ಚಿದ. ಲಿವರಿನ ಸದ್ದು ಕೇಳುವ ಬದಲು ಹೆಂಗಸಿನ ದನಿ ಕೇಳಿಸಿತು.

"ನನ್ನ ಮಗಳು ಹೋದ ಸಂಜೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವಳ ಚಪ್ಪಲಿ ಬಾಗಿಲ ಬಳಿಯೇ ಇದ್ದವು. ಎತ್ತಿಡಲು ನನಗೆ ಕೈ ಬರಲಿಲ್ಲ. ಎತ್ತಿಟ್ಟರೆ, ತಿರುಗಿ ಬಂದಾಗ ಅವಳು ಹುಡುಕಬೇಕಾಗುತ್ತದಲ್ಲ."

ತಂತಿ ಕೈಯಲ್ಲೇ ನಿಂತಿತು. ಒಳಗೆ ಸ್ವಲ್ಪ ಕೆಮ್ಮು. ನೀರು ಕುಡಿದ ಸದ್ದು. ಮತ್ತೆ ಅದೇ ಮಾತು, ಈ ಸಲ ಇನ್ನೂ ಮೆಲ್ಲಗೆ. ಮತ್ತೆ ಅದೇ, ಸ್ವಲ್ಪ ಜೋರಾಗಿ. ಚಪ್ಪಲಿಯ ಹತ್ತಿರ ಬಂದಾಗಲೆಲ್ಲ ದನಿ ಒಡೆಯುತ್ತಿತ್ತು.

"ಪಾಪ, ದುಃಖ ತಲೆಗೇ ಹತ್ತಿಬಿಟ್ಟಿದೆ," ಎಂದುಕೊಂಡ ಕೀಲಿಯಣ್ಣ. ಕಣ್ಣೀರು ಮೂಗಿನ ತುದಿಯಿಂದ ಬೀಗದ ಕಿಂಡಿಯೊಳಕ್ಕೆ ಇಳಿಯಿತು. ಅದರಿಂದಲೋ ಏನೋ, ಬೀಗ ಟಕ್ಕೆಂದು ಬಿಚ್ಚಿಕೊಂಡಿತು.

ಲೇಖಕಿ ಕಣ್ಣೊರೆಸಿಕೊಂಡು ನಿಂತಿದ್ದರು. ಅದೊಂದು ಸಾಲು ಬಂದರೆ ಅವರಿಗೆ ಯಾವಾಗಲೂ ಹೀಗೇ. ಬರೆದವರೇ ಅಳುತ್ತಾ ನಿಂತರೆ ಸಭೆಯಲ್ಲಿ ಹೇಗೆ ಓದುವುದು ಎಂದು ಅವರಿಗೆ ಅವರ ಮೇಲೇ ಸಿಟ್ಟು ಬಂದಿತ್ತು.

"ಆಗಾಗ ಎಣ್ಣೆ..." ಎಂದು ಶುರುಮಾಡಿದ ಕೀಲಿಯಣ್ಣ ತಂತಿಯನ್ನು ಜೇಬಿಗೆ ಹಾಕಿಕೊಂಡ. "ಅಮ್ಮಾ, ನಾವೆಲ್ಲ ಇದ್ದೀವಿ."

"ನೀವೂ ಬರ್ತೀರಾ?" ಲೇಖಕಿಯ ಮುಖ ಅರಳಿತು. "ಶನಿವಾರ ಸಂಜೆ, ಲೈಬ್ರರಿ ಹಾಲ್‌ನಲ್ಲಿ. ಯಾರೂ ಬರೋದಿಲ್ವೇನೋ ಅಂತ ನನಗೆ ಒಂದೇ ಭಯ."

"ಯಾರೂ ಬರಲ್ವಾ? ನಮ್ಮ ಬೀದಿ ಇರೋವಾಗ? ಇಂಥದ್ದಕ್ಕೆ ನಮ್ಮ ಬೀದಿ ಯಾವತ್ತೂ ತಪ್ಪಿಸಿಕೊಂಡಿಲ್ಲಮ್ಮ."

"ಅಷ್ಟೊಂದು ಆಸಕ್ತಿಯಾ ನಿಮ್ಮ ಬೀದಿಗೆ!"

ಆಸಕ್ತಿ ಎಂಬ ಮಾತು ಕೀಲಿಯಣ್ಣನಿಗೆ ಸ್ವಲ್ಪ ಹಿಡಿಸಲಿಲ್ಲ. ದುಃಖದಲ್ಲಿರುವವರು ಏನೋ ಒಂದು ಅಂತಾರೆ ಎಂದು ಬಿಟ್ಟುಬಿಟ್ಟ.

"ಬಾಗಿಲಾಚೆ ನಿಮಗೆ ಕೇಳಿಸ್ತಾ? ಹೇಗನ್ನಿಸ್ತು?"

"ಕರುಳು ಕಿತ್ತು ಬಂತಮ್ಮ."

ಲೇಖಕಿ ಕೈ ಮುಗಿದರು. "ಅಷ್ಟು ಸಾಕು ನನಗೆ. ಐದು ವರ್ಷ ಅವಳೊಬ್ಬಳ ಜೊತೆಗೇ ಬದುಕಿದೆ. ಬೇರೆ ಲೋಕವೇ ಇರಲಿಲ್ಲ."

ಐದೇ ವರ್ಷದ ಮಗು! ಕೀಲಿಯಣ್ಣನಿಗೆ ಮೆಟ್ಟಿಲು ಕಾಣಿಸಲಿಲ್ಲ. ಕೊನೆಯ ಎರಡು ಮೆಟ್ಟಿಲನ್ನು ಒಟ್ಟಿಗೇ ಇಳಿದು ಮ್ಯಾನೇಜರನ ಮೇಲೆ ಬಿದ್ದ.

ಬಾಗಿಲಾಚೆ ಕೇಳಿದ್ದನ್ನು ಬಾಯಿ ಬಿಡಕೂಡದು ಎಂಬುದೂ ಆ ಕಸುಬಿನ ನಿಯಮವೇ. ಆದ್ದರಿಂದ ಕೀಲಿಯಣ್ಣ ಬೀದಿಯ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ, ಗುಟ್ಟಾಗಿ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು ಹೇಳಿದ. ಮೊದಲು ಹೋದದ್ದು ಟೈಲರಿನ ಬಳಿಗೆ. ಟೈಲರ್ ಬೀದಿಯಲ್ಲೇ ಹೆಸರಾದ ಅಳುವವನು. ಸತ್ತವರ ಪರಿಚಯ ಇಲ್ಲದಷ್ಟೂ ಅವನ ಅಳು ಜೋರು.

"ಐದು ವರ್ಷ?" ಟೈಲರ್ ಮಿಷನ್ ನಿಲ್ಲಿಸಿದ. "ಯುನಿಫಾರ್ಮ್ ಹೊಲಿಸೋ ವಯಸ್ಸು ಕಣಣ್ಣ!" ಎಂದವನೇ ಕೈಯಲ್ಲಿದ್ದ ಯಾರದೋ ಪ್ಯಾಂಟಿನಿಂದ ಕಣ್ಣೊರೆಸಿಕೊಂಡ.

ಶನಿವಾರ ಅಂಗಡಿ ಮುಚ್ಚಿ ಬರಬೇಕು ಎಂದಾಗ ಗಡಿಯಾರ ರಿಪೇರಿಯವನು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ.

"ನಮ್ಮತ್ತೆ ಸತ್ತಾಗ ನೀವು ಅರ್ಧ ಶಟರ್ ಎಳೆದಿರಿ. ಈಗ ಯಾರೋ ಪರವೂರಿನವರಿಗೆ ಪೂರ್ತಿ ಎಳೀಬೇಕಾ?"

"ನಿಮ್ಮತ್ತೆಗೆ ವಯಸ್ಸಾಗಿತ್ತಲ್ಲಯ್ಯಾ."

"ವಯಸ್ಸಾದ್ರೆ ಅರ್ಧ ಸಾಯ್ತಾರಾ?"

ಕೀಲಿಯಣ್ಣ ಚಪ್ಪಲಿಯ ಮಾತನ್ನು ಹೇಳಿದ. ಗಡಿಯಾರದವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು ಮೇಜಿನ ಮೇಲಿಟ್ಟ. "ಪೂರ್ತಿನೇ ಎಳೀತೀನಿ, ಹೋಗು," ಎಂದ.

ಸಂಜೆಯ ಹೊತ್ತಿಗೆ ಟೀ ಅಂಗಡಿ ಅಕ್ಕನ ಬಾಯಲ್ಲಿ ಮಗು ಒಳ್ಳೆ ಹಾಡುಗಾರ್ತಿಯಾಗಿತ್ತು. ಮಾರನೆಯ ದಿನ ಆ ಮಗುವಿಗೆ ಅವಳಿ ತಮ್ಮನೊಬ್ಬ ಹುಟ್ಟಿಕೊಂಡ. ಬರೆಯುವ ವಿಷಯದಲ್ಲಿ ಆ ಲೇಖಕಿ ಪಟ್ಟ ಪಾಡಿನ ಕಾಲು ಭಾಗವನ್ನೂ ಪಡದೆ, ನಮ್ಮ ಬೀದಿ ಒಂದು ದಿನದಲ್ಲಿ ಅಷ್ಟೇ ದಪ್ಪದ ಕಥೆ ಕಟ್ಟಿತ್ತು.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಎಂದಳು, "ಶನಿವಾರ ನಿಮ್ಮ ತಂಗಿ ಲೈಬ್ರರೀಲಿ ಏನೋ ಕಾರ್ಯಕ್ರಮ ಅಂತೆ ರೀ."

"ಗೊತ್ತು. ಅದರ ಬಗ್ಗೆ ಮಾತಾಡಬಾರದು."

"ಜನ ಬರದಿದ್ರೆ ಅವಳ ಕೆಲಸಾನೇ ಹೋಗುತ್ತಂತೆ. ಸಾಹೇಬರೇ ಬಂದು ನೋಡ್ತಾರಂತೆ."

"ಸಾಹೇಬರೂ ಬರ್ತಾರಾ? ದೊಡ್ಡ ಮನಸ್ಸು. ಬರ್ಲೇಬೇಕು ಇಂಥದ್ದಕ್ಕೆ."

"ಎಂಥದ್ದಕ್ಕೆ?"

"ಮಾತಾಡಬಾರದು ಅಂದ್ನಲ್ಲ!"

ಹೆಂಡತಿ ಸಾರಿನ ಪಾತ್ರೆಯನ್ನು ಅವನ ಕೈಗೆ ಸಿಗದಷ್ಟು ದೂರ ಇಟ್ಟು ಎದ್ದು ಹೋದಳು.

ಶನಿವಾರ ಸಂಜೆಯ ಬೆಳಕು ಲೈಬ್ರರಿಯ ಎತ್ತರದ ಕಿಟಕಿಗಳಿಂದ ಜೇನಿನ ಹಾಗೆ ನಿಧಾನಕ್ಕೆ ಒಳಗಿಳಿಯುತ್ತಿತ್ತು. ಅದರಲ್ಲಿ ಪುಸ್ತಕದ ಧೂಳು ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ಫ್ಯಾನು ಸುತ್ತುವುದೋ ಬಿಡುವುದೋ ಎಂದು ಯೋಚಿಸುತ್ತಾ ಸುತ್ತುತ್ತಿತ್ತು. ಮುಂದಿನ ಸಾಲಿನಲ್ಲಿ ಸಾಹೇಬರು ಒಬ್ಬರೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರ ಜವಾನ ಆಗಲೇ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದ. "ದೊಡ್ಡ ಪೈಪು ಅಡ್ಡಡ್ಡ ಮಲಗುತ್ತೆ ಸಾರ್," ಎಂದ. ಅವನ ದನಿಯಲ್ಲಿ ಮಗುವನ್ನು ಮಲಗಿಸುವಷ್ಟು ಪ್ರೀತಿಯಿತ್ತು. ತಂಗಿ ಖಾಲಿ ಕುರ್ಚಿಗಳನ್ನು ನೋಡಲಾರದೆ ಬಾಗಿಲ ಕಡೆಗೆ ತಿರುಗಿದಳು.

ಬಾಗಿಲಲ್ಲಿ ಇಡೀ ಬೀದಿ ನಿಂತಿತ್ತು.

ಸಾವಿಗೆ ಹೋಗುವಾಗಿನ ಮಾಸಿದ ಬಟ್ಟೆಯಲ್ಲಿ, ತಲೆ ತಗ್ಗಿಸಿ, ಕೈ ಕಟ್ಟಿ, ಚಪ್ಪಲಿ ಹೊರಗೆ ಬಿಟ್ಟು, ಒಬ್ಬರ ಹಿಂದೆ ಒಬ್ಬರು. ಮುಂದೆ ಕೀಲಿಯಣ್ಣ. ಸದ್ದಿಲ್ಲ, ಗದ್ದಲವಿಲ್ಲ. ನಿದ್ದೆಯಲ್ಲಿ ನಡೆದು ಬರುವವರ ಹಾಗೆ ಬಂದರು. ಸಾಲಾಗಿ ಲೇಖಕಿಯ ಬಳಿ ಹೋಗಿ ಎರಡೂ ಕೈ ಹಿಡಿದುಕೊಂಡರು.

"ಸಮಾಧಾನ ಮಾಡ್ಕೊಳ್ಳಮ್ಮ," ಎಂದಳು ಟೀ ಅಂಗಡಿ ಅಕ್ಕ. "ನಮಗೆ ಎಲ್ಲಾ ಗೊತ್ತಾಯ್ತು."

"ಎಲ್ಲರೂ... ಎಲ್ಲರೂ ಓದಿದ್ದೀರಾ?" ಲೇಖಕಿಗೆ ನಂಬಿಕೆಯಾಗಲಿಲ್ಲ.

"ಓದು ಬರಹದ ಮಾತು ಯಾಕೆ ತಾಯಿ ಈಗ?" ಎಂದ ಟೈಲರ್. "ನನ್ನ ಕೈಲಿ ಒಂದು ಫ್ರಾಕ್ ಹೊಲಿಸ್ಕೊಳ್ಳೋ ಭಾಗ್ಯ ಇಲ್ದೇ ಹೋಯ್ತಲ್ಲ ಆ ಕೂಸಿಗೆ!" ಎಂದು ಮೊದಲ ಬಿಕ್ಕು ಬಿಕ್ಕಿದ.

ಲೇಖಕಿ ಕುರ್ಚಿ ಹಿಡಿದುಕೊಂಡು ಕೂತರು. ಎಷ್ಟೋ ಊರು ತಿರುಗಿದ್ದರು. ಬಂದವರು ಎಷ್ಟು ದಿನ ಬರೆದಿರಿ, ಮುಂದಿನದು ಯಾವಾಗ ಎಂದು ಕೇಳಿ ಟೀ ಕುಡಿದು ಹೋಗುತ್ತಿದ್ದರು. ಕಾದಂಬರಿಯ ಪಾತ್ರವೊಂದರ ಸಾವಿಗೆ ಮಾಸಿದ ಬಟ್ಟೆ ಹಾಕಿಕೊಂಡು ಬಂದ ಓದುಗರನ್ನು ಅವರು ಕನಸಿನಲ್ಲೂ ಕಂಡಿರಲಿಲ್ಲ.

ತಂಗಿ ಅಣ್ಣನ ತೋಳು ಹಿಡಿದೆಳೆದಳು. ಎಷ್ಟೋ ತಿಂಗಳ ಮೇಲೆ ಅವಳು ಆಡಿದ ಮೊದಲ ಮಾತು, "ಏನೋ ಇದು?"

"ನೀನು ಹೇಳಿಲ್ಲ ಅಂತ ನಾನು ಬಿಡ್ತೀನಾ?" ಎಂದು ಪಿಸುಗುಟ್ಟಿ ಕೀಲಿಯಣ್ಣ ನೇರವಾಗಿ ಮೈಕಿನ ಮುಂದೆ ನಿಂತ.

"ಬಂಧುಗಳೇ. ಹೂವು ಅರಳೋದು ನಮ್ಮ ಕೈಲಿಲ್ಲ, ಬಾಡೋದು ನಮ್ಮ ಕೈಲಿಲ್ಲ. ಇಂದು ನಮ್ಮೆಲ್ಲರನ್ನೂ ಅಗಲಿದ ಶ್ರೀ..." ಹೆಸರು ಗೊತ್ತಿಲ್ಲ. "ಕೂಸಿನ ಆತ್ಮಕ್ಕೆ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ."

ಬೀದಿ ಎದ್ದು ನಿಂತಿತು. ಎಲ್ಲರೂ ನಿಂತ ಮೇಲೆ ಸಾಹೇಬರೂ ಏನೆಂದು ಗೊತ್ತಾಗದೆ ಎದ್ದರು. ಜವಾನ ಟೇಪಿನ ಒಂದು ತುದಿಯನ್ನು ಗೋಡೆಗೆ ಒತ್ತಿ ಹಿಡಿದುಕೊಂಡೇ ತಲೆ ಬಾಗಿಸಿದ. ತಂಗಿ ಮುಖ ಮುಚ್ಚಿಕೊಂಡಳು. ಅದನ್ನು ನೋಡಿ ಅವಳೂ ಅಳುತ್ತಿದ್ದಾಳೆ ಅನ್ನಿಸಿ ಟೈಲರಿಗೆ ಹುರುಪು ಬಂತು.

ಮೌನ ಮುಗಿದ ಮೇಲೆ ಲೇಖಕಿ ಪುಸ್ತಕ ತೆರೆದರು. ಭಾಷಣ ಎಂದು ಬರೆದು ತಂದಿದ್ದನ್ನೆಲ್ಲ ಚೀಲದಲ್ಲೇ ಬಿಟ್ಟರು. ಹೀಗೆ ಬಂದವರಿಗೆ ಭಾಷಣ ಮಾಡುವುದು ಹೇಗೆ? ಸುಮ್ಮನೆ ಓದತೊಡಗಿದರು.

ಹಳೆಯ ಪಟ್ಟಣದ ಓಣಿಗಳು ಒಂದೊಂದಾಗಿ ಹಾಲ್‌ನೊಳಗೆ ಬಂದವು. ಏಣಿ ಹೆಗಲ ಮೇಲಿಟ್ಟುಕೊಂಡು ಅಪ್ಪ ಮುಂದೆ, ಎಣ್ಣೆಯ ಡಬ್ಬಿ ಹಿಡಿದು ಮಗಳು ಹಿಂದೆ. ಅಪ್ಪ ಏಣಿ ಹತ್ತಿ ದೀಪ ಹಚ್ಚಿದರೆ ಮಗಳು ಕೆಳಗೆ ನಿಂತು, "ಹತ್ತಿತು, ಇಳಿ" ಎನ್ನುತ್ತಿದ್ದಳು. ಅವಳು ಹೇಳುವವರೆಗೆ ಅವನು ಇಳಿಯುತ್ತಿರಲಿಲ್ಲ. ಆಮೇಲೆ ಜ್ವರ. ಆಮೇಲೆ ಒಂದು ಸಂಜೆ ಅಪ್ಪ ಒಬ್ಬನೇ ಏಣಿ ಹತ್ತಿ, ದೀಪ ಹಚ್ಚಿ, ಮೇಲೆಯೇ ನಿಂತುಬಿಡುತ್ತಾನೆ. ಇಳಿ ಎನ್ನುವವರಿಲ್ಲ.

ಕಿಟಕಿಯ ಬೆಳಕು ಹಳದಿಯಿಂದ ಕೆಂಪಾಯಿತು. ಯಾರೂ ಅಲುಗಾಡಲಿಲ್ಲ. ಯಾರು ಯಾಕೆ ಬಂದದ್ದೆಂಬುದು ಬಂದವರಿಗೇ ಮರೆತಿತ್ತು. ಗಡಿಯಾರದವನು ಜೀವಮಾನದಲ್ಲಿ ಮೊದಲ ಸಲ ಇಷ್ಟು ಹೊತ್ತು ಕೈಗಡಿಯಾರ ನೋಡಿರಲಿಲ್ಲ. ಜವಾನ ಟೇಪಿನ ಮೇಲೇ ಕೂತುಬಿಟ್ಟಿದ್ದ. ಕೀಲಿಯಣ್ಣ ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಅಲ್ಲಿ ಇಲ್ಲದ ಬಾಗಿಲಿಗೆ ಕಿವಿ ಹಚ್ಚಿದವನ ಹಾಗೆ ತಲೆ ಓರೆ ಮಾಡಿದ್ದ. ತಂಗಿ ಅವನನ್ನೇ ನೋಡುತ್ತಿದ್ದಳು. ಅವನು ನಿದ್ದೆ ಮಾಡುತ್ತಿರಲಿಲ್ಲ.

ಲೇಖಕಿ ಪುಟ ತಿರುಗಿಸಲು ನಿಲ್ಲಿಸಿದಾಗ ಟೀ ಅಂಗಡಿ ಅಕ್ಕನಿಗೆ ತಡೆಯಲಾಗಲಿಲ್ಲ.

"ಜ್ವರ ಬಂದ ದಿನಾನೇ ಆಸ್ಪತ್ರೆಗೆ ಸೇರಿಸಬಾರದಿತ್ತಾ ತಾಯಿ?"

"ಆಗ ಆಸ್ಪತ್ರೆ ಎಲ್ಲಿತ್ತಮ್ಮಾ," ಎಂದರು ಲೇಖಕಿ, ಇನ್ನೂ ಆ ಓಣಿಯಲ್ಲೇ ಇದ್ದವರಂತೆ. "ಇನ್ನೂರು ವರ್ಷದ ಹಿಂದೆ?"

ಫ್ಯಾನಿನ ಸದ್ದು ಇಷ್ಟು ಜೋರಾಗಿದೆ ಎಂದು ಎಲ್ಲರಿಗೂ ಆಗ ಗೊತ್ತಾಯಿತು. ಟೈಲರಿನ ಬಿಕ್ಕು ಅರ್ಧಕ್ಕೆ ಸಿಕ್ಕಿಕೊಂಡು ಬಿಕ್ಕಳಿಕೆಯಾಯಿತು.

"ಎಷ್ಟು ವರ್ಷ ಅಂದ್ರಿ?" ಎಂದ ಗಡಿಯಾರದವನು.

"ಇನ್ನೂರು. ಐತಿಹಾಸಿಕ ಕಾದಂಬರಿ ಅಲ್ವಾ ಇದು?"

"ಕಾದಂಬರಿ!" ಗಡಿಯಾರದವನು ಎದ್ದು ನಿಂತ. "ಏನಯ್ಯಾ ಕೀಲಿ! ಕಾದಂಬರಿಗೆ ನನ್ನ ಶಟರ್ ಪೂರ್ತಿ ಎಳೆಸಿದೆಯಾ? ನಮ್ಮತ್ತೆ ನಿಜವಾಗ್ಲೂ ಸತ್ತಿದ್ಲು ಕಣೋ!"

"ನನಗೇನು ಗೊತ್ತು? ಬಾಗಿಲಾಚೆ ಅಳ್ತಿದ್ರು."

"ಯಾರು ಸತ್ತಿದ್ದು ಅಂತ ಕೇಳೋಕೆ ಬಾಯಿ ಇರಲಿಲ್ವಾ?"

"ನಾನು ಕೇಳೋದಿಲ್ಲ!" ಎಂದು ಕೀಲಿಯಣ್ಣ ಗುಡುಗಿದ. "ಅದು ನಮ್ಮ ಕಸುಬು!"

"ಎರಡು ಕರ್ಚೀಫು ಒದ್ದೆ ಮಾಡ್ಕೊಂಡೆ ನಾನು," ಎಂದು ಟೈಲರ್ ಬಿಕ್ಕಳಿಕೆಯ ನಡುವೆ ಅಷ್ಟೇ ನೋವಿನಿಂದ ಹೇಳಿದ.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಸಾಹೇಬರ ಮುಖವನ್ನು ಮತ್ತೆ ಹಾಕಿಕೊಂಡು ತಂಗಿಯ ಕಡೆಗೆ ತಿರುಗಿದರು. "ಅಲ್ಲಿಗೆ ಪುಸ್ತಕಕ್ಕೆ ಅಂತ ಬಂದವರು ಒಬ್ಬರೂ ಇಲ್ಲ. ಸಾವಿಗೆ ಬಂದ ಜನಾನ ತೋರಿಸಿ ನನ್ನನ್ನ ಏಮಾರಿಸೋಕೆ ನೋಡಿದ್ರಾ? ಬೀರು ಖಾಲಿ ಮಾಡ್ಸಿ. ಸೋಮವಾರ ಪೈಪು ಬರುತ್ತೆ."

ತಂಗಿ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅಲ್ಲಿಂದ ಎತ್ತಿ ಅಲ್ಲೇ ಇಟ್ಟಳು. ಅವಳಿಗೆ ಎರಡೂ ಕೈಗಳಿಗೆ ಏನು ಕೆಲಸ ಕೊಡುವುದೆಂದು ತಿಳಿಯದಾಗ ಹೀಗೆ ಮಾಡುತ್ತಾಳೆ ಎಂಬುದು ಅಣ್ಣನಿಗೆ ಚಿಕ್ಕಂದಿನಿಂದ ಗೊತ್ತು.

ಕೀಲಿಯಣ್ಣ ಲೇಖಕಿಯ ಮುಂದೆ ಹೋಗಿ ನಿಂತ. ಅಪ್ಪನ ಅಪ್ಪಣೆಯನ್ನು ಮೀರಿ ಮೊದಲ ಸಲ ಬಾಯಿ ತೆರೆದ.

"ಅಮ್ಮಾ, ಒಂದು ಪ್ರಶ್ನೆ. ಆ ಮಗು ಇತ್ತಾ? ಇಲ್ಲ, ನೀವೇ ಹುಟ್ಟಿಸಿ ನೀವೇ ಸಾಯಿಸಿದ್ದಾ?"

"ಇತ್ತು," ಎಂದರು ಲೇಖಕಿ ಮೆಲ್ಲಗೆ. "ಆ ಪಟ್ಟಣದ ಹೊರಗೆ ಒಂದು ಸಣ್ಣ ಕಲ್ಲು ಇದೆ. ಅದರ ಮೇಲೆ ಹೆಸರಿಲ್ಲ, ಊರಿಗೆ ಜ್ವರ ಬಂದ ವರ್ಷ ಇದೆ. ಒಂದು ದೀಪ, ಒಂದು ಏಣಿ, ಏಣಿಯ ಬುಡದಲ್ಲಿ ಒಂದು ಹೆಣ್ಣುಮಗು. ಅಷ್ಟೇ ನನಗೆ ಸಿಕ್ಕಿದ್ದು. ಮಿಕ್ಕಿದ್ದೆಲ್ಲ ನಾನು ಊಹಿಸಿದ್ದು."

"ಮಣ್ಣಿಗೆ ಯಾರ್ಯಾರು ಬಂದಿದ್ರು?"

"ಯಾರು ಬರ್ತಾರೆ? ಅದು ಹರಡೋ ಜ್ವರ. ಆ ವರ್ಷ ಸಾವಿನ ಮನೆ ಹೊಸಿಲಿಗೆ ಯಾರೂ ಹೋಗ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಬಾಗಿಲು ಹಾಕ್ಕೊಂಡು ಒಳಗೇ ಇರ್ತಿದ್ರು."

ಕೀಲಿಯಣ್ಣ ಸಾಹೇಬರ ಕಡೆಗೆ ತಿರುಗಿದ.

"ಕೇಳಿದ್ರಾ ಸಾರ್? ಕೂಸು ಸತ್ತಿದ್ದು ನಿಜ. ಒಬ್ಬ ನರಪಿಳ್ಳೆಯೂ ಹೋಗಲಿಲ್ಲ ಅನ್ನೋದೂ ನಿಜ. ಈಗ ನಾವು ಬಂದಿದ್ದೀವಿ. ಸ್ವಲ್ಪ ತಡ ಆಯ್ತು, ಅಷ್ಟೇ."

ಗಡಿಯಾರದವನು ಕೈಗಡಿಯಾರ ನೋಡಿಕೊಂಡ, ಅಲ್ಲಾಡಿಸಿದ, ಕಿವಿಗೆ ಹಿಡಿದ. "ಬಹಳ ತಡ," ಎಂದು ಗೊಣಗಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ. ಅವನು ಕೂತದ್ದು ನೋಡಿ ಎದ್ದು ನಿಂತಿದ್ದವರೆಲ್ಲ ಕೂತರು.

"ಏನ್ರೀ ಇದು!" ಎಂದರು ಸಾಹೇಬರು. "ವರದೀಲಿ ನಾನು ಏನಂತ ಬರೀಲಿ? ಸತ್ತವರಿಗೂ ನಿಮಗೂ ಏನು ಸಂಬಂಧ?"

"ಅಕ್ಕಪಕ್ಕದವರು ಅಂತ ಬರ್ಕೊಳ್ಳಿ ಸಾರ್," ಎಂದ ಕೀಲಿಯಣ್ಣ.

ಟೀ ಅಂಗಡಿ ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ಸಾವಿನ ಮನೇಲಿ ಪೈಪು ತಂದಿಡ್ತೀರಾ ಸಾರ್? ಜನ ಅಳ್ತಾ ಕೂತಿರೋವಾಗ? ನಿಮ್ಮನೇಲಿ ಹೆಣ್ಣುಮಕ್ಕಳಿಲ್ವಾ?"

ಸಾಹೇಬರಿಗೆ ಇಬ್ಬರಿದ್ದರು. ಅವರು ಜವಾನನ ಕಡೆಗೆ ನೋಡಿದರು. ಜವಾನ ಹೇಳಿಸಿಕೊಳ್ಳದೆಯೇ ಟೇಪು ಸುತ್ತುತ್ತಿದ್ದ. "ಆ ಅಪ್ಪ ಇನ್ನೂ ಏಣಿ ಮೇಲೇ ನಿಂತಿದ್ದಾನೆ ಸಾರ್," ಎಂದ. "ಅವನು ಇಳಿದನೋ ಇಲ್ವೋ ಕೇಳಿಕೊಂಡು ಆಮೇಲೆ ಅಳೀತೀನಿ."

"ಆಯ್ತು, ಆಯ್ತು," ಎಂದು ಸಾಹೇಬರು ಕಾಲ ಮೇಲಿನ ಕಾಲು ಇಳಿಸಿದರು. "ನಾನೇನು ಕಟುಕನಲ್ಲ. ಅಳು ಮುಗಿಯೋವರೆಗೂ ಪೈಪು ಹೊರಗೇ ಬಿದ್ದಿರಲಿ. ಆದರೆ ಅದಕ್ಕೂ ಒಂದು ಕೊನೆ ಅಂತ ಬೇಕಲ್ಲ! ಎಷ್ಟು ದಿನ ಬೇಕು ನಿಮಗೆ, ಹೇಳಿ."

ತಂಗಿ ಲೋಟವನ್ನು ಮೇಜಿನ ಮೇಲೆ ಗಟ್ಟಿಯಾಗಿ ಇಟ್ಟಳು. ಗೋಡೆಯುದ್ದಕ್ಕೂ ನಿಂತಿದ್ದ ಬೀರುಗಳ ಕಡೆಗೆ ಕೈ ತೋರಿಸಿದಳು. ಸಂಜೆಯ ಕೊನೆಯ ಬೆಳಕು ಸಾಲು ಸಾಲು ಪುಸ್ತಕಗಳ ಬೆನ್ನ ಮೇಲೆ ಬಿದ್ದಿತ್ತು.

"ಇದರೊಳಗೆ ಎಷ್ಟು ಜನ ಸತ್ತಿದ್ದಾರೆ ಗೊತ್ತಾ ಸಾರ್? ರಾಜರು, ಸೈನಿಕರು, ಬಾಣಂತಿಯರು, ಹೊಳೆಗೆ ಬಿದ್ದವರು, ಮಕ್ಕಳು. ನಾನು ಬಂದಾಗಿನಿಂದ ಒಬ್ಬರ ಸಾವಿಗೂ ಯಾರೂ ಬಂದಿಲ್ಲ."

ಇಡೀ ಬೀದಿ ತಲೆಯೆತ್ತಿ ಬೀರುಗಳನ್ನು ನೋಡಿತು. ಇಷ್ಟೊಂದು ಮನೆಗಳಲ್ಲಿ ಸಾವಾಗಿ, ಸಂಘಕ್ಕೆ ಸುದ್ದಿಯೇ ಬಾರದೆ ಹೋದದ್ದಕ್ಕೆ ಕೀಲಿಯಣ್ಣನಿಗೆ ತುಂಬಾ ನಾಚಿಕೆಯಾಯಿತು.

ಟೈಲರ್ ಬಿಕ್ಕಳಿಕೆ ನುಂಗಿಕೊಂಡು, ಒದ್ದೆ ಕರ್ಚೀಫನ್ನು ಕುರ್ಚಿಯ ಬೆನ್ನಿಗೆ ಒಣಗಲು ಹಾಕಿ, ತಂಗಿಯನ್ನು ಮೆಲ್ಲಗೆ ಕೇಳಿದ:

"ಮುಂದಿನ ಶನಿವಾರ ಯಾರದ್ದಮ್ಮ?"